ಮಾರ್ಫಿನ್ ಬರೆದರೆ ಕೈಬಿಟ್ಟ ಹಾಗಲ್ಲ

ಗೆಳೆಯನ ಕ್ಯಾನ್ಸರ್ ಹರಡಿದೆ, ಡಾಕ್ಟರು ಮಾರ್ಫಿನ್ ಅನ್ನೋ ಬಲವಾದ ನೋವಿನ ಔಷಧಿ ಬರೆದಿದ್ದಾರೆ, ಅಂದರೆ ಆಸೆ ಬಿಟ್ಟರಾ ಅಂತ ಕೇಳಿದ್ದೀರಿ. ಹಾಗಲ್ಲ. ನೋವು ತಗ್ಗಿಸುವುದೂ ಚಿಕಿತ್ಸೆಯೇ, ಕೀಮೋ ಜೊತೆಗೂ ಕೊಡುತ್ತಾರೆ. ಹೇಳಿದ ಹೊತ್ತಿಗೆ ಮಾತ್ರೆ ಕೊಡಿ, ನೋವು ಏರುವವರೆಗೆ ಕಾಯಬೇಡಿ. ಮಲಬದ್ಧತೆ ಆಗುತ್ತದೆ, ಅದಕ್ಕೂ ಔಷಧಿ ಬರೆಸಿಕೊಳ್ಳಿ.

ನನ್ನ ಗೆಳತಿಯ ಡಾಕ್ಟರು ಒಂದು ದಿನ ಕುರ್ಚಿ ಎಳೆದುಕೊಂಡು ಕೂತು, "ಯಾವುದಕ್ಕೆ ಜಾಸ್ತಿ ಭಯ ಆಗುತ್ತಮ್ಮ?" ಅಂದರು. "ರಾತ್ರಿ" ಅಂದಳು. ರಾತ್ರಿಯ ಡೋಸ್ ಬದಲಾಯಿತು. ನಾವು ಮೂವರು ಗೆಳತಿಯರು ಸರದಿಯಂತೆ ಅವಳ ಮನೆಯಲ್ಲೇ ಮಲಗಿದೆವು. ಆ ಒಂದು ಪ್ರಶ್ನೆಯನ್ನು ನಾನು ಇವತ್ತಿಗೂ ಮರೆತಿಲ್ಲ. ನೀವೂ ಕೇಳಿ ನೋಡಿ. ಧೈರ್ಯ ಹೇಳೋದಕ್ಕಿಂತ ಸುಮ್ನೆ ಪಕ್ಕ ಕೂರೋದು ಒಳ್ಳೇದು, ಅಲ್ವಾ?

ಬೆಂಗಳೂರಲ್ಲಿದ್ದರೆ ಕರುಣಾಶ್ರಯ ಅನ್ನೋ ಸಂಸ್ಥೆಯನ್ನು ಕೇಳಿ. ಕಾಯಿಲೆ ಮುಂದುವರಿದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತಾರೆ, ಮನೆಗೂ ಬರುತ್ತಾರೆ.