ಕ್ಯಾಲ್ಕುಲೇಟರ್ ಇಲ್ದೆ ವರ್ಗಮೂಲ ಅಂದಾಜು ಮಾಡೋದು ಹೇಗೆ?

ನಮ್ಮ ಶಿರಸಿ ಕಡೆ ಅಡಿಕೆ ತೋಟದ ಲೆಕ್ಕದಲ್ಲೇ ಹೇಳ್ತೀನಿ, ಹಂಗೆ ಹೇಳಿದ್ರೆ ಮಕ್ಕಳಿಗೂ ಬೇಗ ತಲೆಗೆ ಹತ್ತತ್ತೆ. ಒಂದು ಗುಂಟೆ ಅಂದ್ರೆ 33 ಅಡಿ ಉದ್ದ 33 ಅಡಿ ಅಗಲದ ಚೌಕ, 1089 ಚದರ ಅಡಿ, ಎಕರೆಗೆ 40 ಗುಂಟೆ. ಈಗ ಒಂದೆಕರೆ ತೋಟ ಸರಿಯಾಗಿ ಚೌಕವಾಗಿದ್ರೆ ಒಂದು ಬದಿ ಎಷ್ಟು ಅಡಿ? 43560ರ ವರ್ಗಮೂಲನಾ ಅಂತ ಹೆದರ್ಕೋಬೇಡಿ, 40ರ ವರ್ಗಮೂಲ ಹುಡುಕಿ 33ರಿಂದ ಗುಣಿಸಿದ್ರೆ ಮುಗೀತು. 6ರ ವರ್ಗ 36, ಉಳಿದಿದ್ದು 4, ಅದನ್ನ 6ರ ಎರಡರಷ್ಟು ಅಂದ್ರೆ 12ರಿಂದ ಭಾಗಿಸಿ, 0.33 ಬರತ್ತೆ, ಸೇರಿಸಿದ್ರೆ 6.33, ಅದನ್ನ 33ರಿಂದ ಗುಣಿಸಿದ್ರೆ ಸುಮಾರು 209 ಅಡಿ. ನಿಜವಾದ ಉತ್ತರ 208.7, ಬಾಯಿಲೆಕ್ಕಕ್ಕೆ ಇನ್ನೇನು ಬೇಕು!

ಈ ವಿಧಾನದಲ್ಲಿ ಉತ್ತರ ಚೂರು ಜಾಸ್ತೀನೇ ಬರತ್ತೆ, ಯಾಕಂದ್ರೆ ಬದಿ 6 ಇರೋ ಚೌಕದ ಎರಡು ಪಕ್ಕಕ್ಕೆ 6 ಉದ್ದ 0.33 ಅಗಲದ ಎರಡು ಪಟ್ಟಿ ಸೇರಿಸಿದ ಹಾಗೆ ಇದು (12ರಿಂದ ಭಾಗಿಸಿದ್ದು ಅದಕ್ಕೇ), ಆ ಪಟ್ಟಿಗಳ ನಡುವೆ ಮೂಲೇಲಿ ಬರೋ 0.33 ಬದಿಯ ಸಣ್ಣ ಚೌಕ ನಾವು ಲೆಕ್ಕಕ್ಕೆ ತಗೊಂಡಿಲ್ಲ. ಇನ್ನೂ ಹತ್ತಿರ ಹೋಗ್ಬೇಕಾ, 40ನ್ನ 6.33ರಿಂದ ಭಾಗಿಸಿ, ಬಂದಿದ್ದಕ್ಕೂ 6.33ಕ್ಕೂ ಸರಾಸರಿ ತೆಗೀರಿ, 6.3246 ಸಿಗತ್ತೆ.

ಪಜಲ್‌ನಲ್ಲಿ ಪೂರ್ಣ ವರ್ಗ ಹೌದೋ ಅಲ್ವೋ ಅಂತ ಕೇಳಿದ್ರೆ ಮೊದಲು ಕೊನೇ ಅಂಕಿ ನೋಡಿ, 2, 3, 7, 8 ಇದ್ರೆ ಅಲ್ವೇ ಅಲ್ಲ.