ವಾಲ್ಡನ್ ಟೂ: ಚರಂಡಿ ಬಳಿಯುವವರು ಯಾರು?

‘ದಿನಕ್ಕೆ ನಾಲ್ಕು ಗಂಟೆ ದುಡಿದರೆ ಸಾಕೆಂದರೆ ವಾಲ್ಡನ್ ಟೂನಲ್ಲಿ ಚರಂಡಿ ಬಳಿಯುವವರು ಯಾರು?’ ಎಂದು ಕೇಳಿದ್ದೀರಿ. ವಾಲ್ಡನ್ ಟೂ ಎಂಬುದು ಅಮೆರಿಕದ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಅದೇ ಹೆಸರಿನ ಕಾದಂಬರಿಯಲ್ಲಿ ಕಲ್ಪಿಸಿದ ಆದರ್ಶ ಸಮುದಾಯ. 1948ರಲ್ಲೇ ಅವರು ಇದಕ್ಕೆ ಲೆಕ್ಕ ಹಾಕಿಟ್ಟಿದ್ದಾರೆ. ಅಲ್ಲಿ ಸಂಬಳವಿಲ್ಲ, ದುಡಿಮೆಗೆ ಶ್ರಮಾಂಕ ಸಿಗುತ್ತದೆ; ವರ್ಷಕ್ಕೆ 1,200, ಅಂದರೆ ದುಡಿಯುವ ದಿನಕ್ಕೆ ನಾಲ್ಕು ಅಂಕ ಗಳಿಸಬೇಕು. ಯಾರಿಗೂ ಬೇಡದ ಕೆಲಸಕ್ಕೆ ಅಂಕ ಹೆಚ್ಚು. ಚರಂಡಿಗಿಳಿದವನಿಗೆ ಗಂಟೆಗೆ ಒಂದೂವರೆ ಅಂಕ, ಮೂರು ಗಂಟೆ ತುಂಬುವ ಮೊದಲೇ ಕೈತೊಳೆದು ಎದ್ದುಬಿಡಬಹುದು.

ಈ ಪುಸ್ತಕವನ್ನು ನಂಬಿ 1967ರಲ್ಲಿ ವರ್ಜೀನಿಯಾದಲ್ಲಿ ಟ್ವಿನ್ ಓಕ್ಸ್ ಎಂಬ ಸಮುದಾಯ ಕಟ್ಟಿದವರು ಇದನ್ನೇ ಮಾಡಿ ನೋಡಿದರು. ಒಬ್ಬರಿಗೆ ಬೇಸರದ ಕೆಲಸ ಇನ್ನೊಬ್ಬರಿಗೆ ಇಷ್ಟವಾಗುತ್ತದಲ್ಲ! ಕೊನೆಗೆ ಯಾವ ಕೆಲಸವಾದರೂ ಗಂಟೆಗೆ ಒಂದೇ ಅಂಕ ಎಂದು ತೀರ್ಮಾನಿಸಿದರು. ಅಡುಗೆ, ಮಕ್ಕಳ ಆರೈಕೆಯೂ ಲೆಕ್ಕಕ್ಕೆ ಸೇರಿದೆ ನಿಜ, ಆದರೆ ನಾಲ್ಕು ಗಂಟೆಯ ದಿನ ಮಾತ್ರ ಕೈಗೆ ಸಿಗಲಿಲ್ಲ.

ಕಾದಂಬರಿಯಾಗಿ ಹೇಗಿದೆ ಎಂದೂ ಕೇಳಿದ್ದೀರಿ. ಸಪ್ಪೆ. ವಾಲ್ಡನ್ ಟೂ ಕಟ್ಟಿದ ಫ್ರೇಜಿಯರ್ ಉಪನ್ಯಾಸ ಬಿಗಿಯುತ್ತಾನೆ, ನೋಡಲು ಬಂದವರು ತಲೆದೂಗುತ್ತಾರೆ. ಅವರಲ್ಲಿ ತತ್ವಶಾಸ್ತ್ರದ ಪ್ರಾಧ್ಯಾಪಕ ಕ್ಯಾಸಲ್ ಒಬ್ಬನೇ ಜಗಳಕ್ಕೆ ನಿಲ್ಲುವವನು. ಆದರೂ ಮಕ್ಕಳ ಪಾಲನೆಯ ಅಧ್ಯಾಯವನ್ನು ಬಿಡಬೇಡಿ. ನಡೆದು ದಣಿದು ಹಸಿದು ಬಂದ ಮಕ್ಕಳನ್ನು ಹಬೆಯಾಡುವ ಸೂಪಿನ ಬಟ್ಟಲುಗಳೆದುರು ಐದು ನಿಮಿಷ ಸುಮ್ಮನೆ ನಿಲ್ಲಿಸುತ್ತಾರೆ. ಆಮೇಲೆ ನಾಣ್ಯ ಚಿಮ್ಮುತ್ತಾರೆ: ಅರ್ಧದಷ್ಟು ಮಕ್ಕಳು ಕೂತು ಉಣ್ಣಬೇಕು, ಉಳಿದವರು ಇನ್ನೈದು ನಿಮಿಷ ನಿಂತು ನೋಡಬೇಕು. ಇದು ಸಹನೆಯ ಪಾಠವಂತೆ! ನನಗೆ ಮೈ ಉರಿಯಿತು.