ಜಪಸರ ಹಿಡಿದ ಕೂಡಲೇ ನಿದ್ದೆ ಬಂದರೆ ನಂಬಿಕೆ ಹೋಯಿತು ಅಂತಲಾ?

ಮಣಿಪಾಲದಲ್ಲಿ ನೈಟ್ ಶಿಫ್ಟ್, ಬೆಳಿಗ್ಗೆ ರೂಮಿಗೆ ಬಂದು ಜಪಸರ ಹಿಡಿದರೆ ಹತ್ತು ಮಣಿ ದಾಟುವ ಮೊದಲೇ ನಿದ್ದೆ, ಚಿಕ್ಕಂದಿನಲ್ಲಿ ಮಾತೆ ಮರಿಯಮ್ಮನ ಹುಟ್ಟುಹಬ್ಬವಾದ ಮೊಂತಿ ಹಬ್ಬಕ್ಕೆ ಒಂಬತ್ತು ದಿನ ಹೂ ಹಿಡಿದು ಚರ್ಚಿಗೆ ಓಡುತ್ತಿದ್ದ ಆ ಭಕ್ತಿ ಈಗೆಲ್ಲಿ, ನಂಬಿಕೆ ಹೋಯಿತಾ ಅಂತ ಕೇಳಿದ್ದೀರಿ. ಇಲ್ಲ, ಹೋಗಿಲ್ಲ. ನಿಮಗೆ ಸುಸ್ತಾಗಿದೆ, ಅಷ್ಟೇ.

ಉಡುಪಿಯಲ್ಲಿ ಯುವಜನರ ಜೊತೆ ಇರುವ ನನಗೆ ಈ ಪ್ರಶ್ನೆ ಜಾಸ್ತಿ ಬರುವುದು ಶಿಫ್ಟ್ ಕೆಲಸದವರಿಂದಲೇ. ಬೈಬಲಿನಲ್ಲಿ ಅರಸುಗಳು ಮೊದಲನೆಯ ಭಾಗದ 19ನೇ ಅಧ್ಯಾಯ ಒಮ್ಮೆ ಓದಿ. ಪ್ರವಾದಿ ಎಲೀಯ ಓಡಿ ಓಡಿ ಸೋತು, ಸಾಕು, ನನ್ನ ಪ್ರಾಣ ತೆಗೆದುಕೋ ಅಂತ ದೇವರಿಗೆ ಹೇಳಿ ಒಂದು ಗಿಡದ ಕೆಳಗೆ ಮಲಗಿಬಿಡುತ್ತಾನೆ. ದೇವದೂತ ಬಂದು ಬೈಯುವುದಿಲ್ಲ, ಉಪದೇಶವೂ ಮಾಡುವುದಿಲ್ಲ. ಎದ್ದು ತಿನ್ನು ಅನ್ನುತ್ತಾನೆ. ರೊಟ್ಟಿ ಇದೆ, ನೀರಿದೆ. ಎಲೀಯ ತಿಂದು ಮತ್ತೆ ಮಲಗುತ್ತಾನೆ! ದೂತ ಎರಡನೇ ಸಲ ಬಂದು ತಿನ್ನಿಸಿದ ಮೇಲೆಯೇ ಹೋರೇಬ್ ಬೆಟ್ಟದ 40 ದಿನದ ದಾರಿ. ದೇವರ ಮಾತು ಕೇಳಿಸುವುದು ಅದರ ನಂತರ, ಅಲ್ವಾ? ನನಗೆ ಈ ಕ್ರಮ ತುಂಬ ಇಷ್ಟ.

ಹಾಗಾಗಿ ಬೆಳಿಗ್ಗೆ ಮೊದಲು ಗಂಜಿಯೋ ಇಡ್ಲಿಯೋ ತಿಂದು ಮಲಗಿ. ಎದ್ದ ಮೇಲೆ ಬೈಬಲಿನ ಕೀರ್ತನೆ 13 ಓದಿ, ಆರೇ ವಚನ. ಇನ್ನೂ ಎಷ್ಟು ದಿನ ನನ್ನನ್ನು ಮರೆತಿರುತ್ತೀ ಅಂತ ದೇವರನ್ನೇ ಕೇಳುವ ಪ್ರಾರ್ಥನೆ ಅದು. ಅಷ್ಟೂ ಆಗದ ದಿನ ಬಸ್ಸಿನಲ್ಲಿ ಕೂತು ಸುಮ್ನೆ ಇವತ್ತು ಏನಾಯಿತು ಅಂತ ಅವನಿಗೆ ಹೇಳಿ. ಆದರೆ ಭಾನುವಾರದ ಪೂಜೆ ಮಾತ್ರ ಬಿಡಬೇಡಿ, ಹಿಂದಿನ ಬೆಂಚಾದರೂ ಸರಿ.

ಮತ್ತೆ, ನಿದ್ದೆ ಮಾಡಿದರೂ ತಿಂಗಳುಗಟ್ಟಲೆ ಮನಸ್ಸು ಭಾರವಾಗಿಯೇ ಇದ್ದರೆ ಡಾಕ್ಟರಿಗೂ ತೋರಿಸಿ.